ಗಾಳದ ಕೋಲಿನ ಮೇಲೆ ಏನು ಬರೆದಿದೆ?

ಕಳೆದ ವರ್ಷದ ಮಾತು. ಮಳೆಗಾಲ ಮುಗಿದು ಸ್ವಲ್ಪ ದಿನ ಆಗಿತ್ತು. ಸಂಜೆ ನಮ್ಮ ಕಲಿಕಾ ಕೇಂದ್ರದ ಬಾಗಿಲು ತೆರೆಯಲು ಹೋದಾಗ ಒಬ್ಬರು ಅಣ್ಣ ಜಗಲಿಯಲ್ಲಿ ಕೂತಿದ್ದರು. ನಾಲ್ಕನೆಯ ತರಗತಿಯ ತುಲ್ಯತಾ ಪರೀಕ್ಷೆಗೆ ಓದುತ್ತಿದ್ದವರು. ವಯಸ್ಸು ಐವತ್ತು ದಾಟಿದೆ. ಮಡಿಲಲ್ಲಿ ಹಳೆಯ ಲುಂಗಿ ಸುತ್ತಿದ ಒಂದು ಉದ್ದದ ಕಟ್ಟು.

"ಟೀಚರ್, ಇದರಲ್ಲಿ ಎಂತ ಬರೆದದ್ದು ಅಂತ ಒಮ್ಮೆ ನೋಡಿ ಹೇಳಿ" ಅಂದರು.

ಲುಂಗಿ ಬಿಚ್ಚಿದರೆ ಒಳಗೆ ಗಾಳದ ಕೋಲು, ಅದಕ್ಕೊಂದು ದುಂಡಗಿನ ರೀಲು. ಗಲ್ಫಿನಲ್ಲಿರುವ ಬಾವ ರಜೆಗೆ ಬರುವಾಗ ತಂದದ್ದಂತೆ. ಪುಕ್ಕಟೆ ಅಲ್ಲ. ಚಿಟ್ಟಿ ಎತ್ತಿದ ಹಣದಿಂದ ಆರು ಸಾವಿರ ರೂಪಾಯಿ ಕೊಟ್ಟಿದ್ದರು. ಇವರು ಮೂವತ್ತು ವರ್ಷ ಬೋಟಿಗೆ ಹೋದವರು. ಬೆನ್ನು ನೋವು ಹೆಚ್ಚಾಗಿ ಬೋಟು ಬಿಟ್ಟಿದ್ದರು. ಅಳಿವೆ ಬದಿಯಲ್ಲಿ ನಿಂತು ದಿನಕ್ಕೆ ನಾಲ್ಕು ಮೀನು ಹಿಡಿದರೆ ಮನೆಖರ್ಚಿಗೆ ಆಗ್ತದೆ ಎಂಬ ಲೆಕ್ಕ ಅವರದು. ಆದರೆ ಆ ಕೋಲಿನಿಂದ ಗಾಳ ಎಸೆದರೆ ಹತ್ತು ಮಾರು ದೂರವೂ ಹೋಗುವುದಿಲ್ಲ. ರೀಲಿನಲ್ಲಿ ತಂಗೂಸಿ ಹಕ್ಕಿಗೂಡಿನ ಹಾಗೆ ಸಿಕ್ಕಾಗ್ತದೆ. ಹೊಳೆಬದಿಯ ಹುಡುಗರು ನಗುತ್ತಾರೆ. "ನನ್ನ ಕೈಯೇ ಸರಿ ಇಲ್ಲವೋ ಏನೋ" ಎಂದು ಅವರಿಗೆ ಅನುಮಾನ.

ಕೈ ಸರಿಯೇ ಇತ್ತು. ಕೋಲೂ ಒಳ್ಳೆಯದೇ. ಆದರೆ ಅದು ಬೇರೆ ಕೆಲಸಕ್ಕೆ ಮಾಡಿದ ಕೋಲು. ಆ ವಿಷಯ ಕೋಲಿನ ಮೇಲೆಯೇ ಬರೆದಿತ್ತು. ಓದುವವರು ಇರಲಿಲ್ಲ, ಅಷ್ಟೆ.

ನಮ್ಮ ಕುಂಬಳೆ, ಮೊಗ್ರಾಲ್, ಉಪ್ಪಳ, ಮಂಜೇಶ್ವರದ ಹೊಳೆಬದಿಗಳಲ್ಲಿ ಗಾಳ ಹಾಕುವವರು ಈಗ ತುಂಬಾ ಜನ. ಮೊದಲು ಬಿದಿರಿನ ಕೋಲು, ಕೈಯಲ್ಲಿ ಸುತ್ತಿದ ತಂಗೂಸಿ ಸಾಕಿತ್ತು. ಈಗ ಎಲ್ಲರಿಗೂ ರಾಡ್ ಮತ್ತು ರೀಲ್ ಬೇಕು. ಅಂಗಡಿಯಲ್ಲಿ ನೂರು ತರ ಇರ್ತವೆ. ಬೆಲೆ ಐನೂರಕ್ಕೂ ಉಂಟು, ಇಪ್ಪತ್ತು ಸಾವಿರಕ್ಕೂ ಉಂಟು. ಎಲ್ಲದರ ಮೇಲೂ ಇಂಗ್ಲಿಷ್ ಅಕ್ಷರ, ಅಂಕೆ. ಅವನ್ನು ಓದಲು ಇಂಗ್ಲಿಷ್ ಪಂಡಿತರಾಗಬೇಕಾಗಿಲ್ಲ. ಅಂಕೆ ಗೊತ್ತಿದ್ದು, ನಾಲ್ಕೈದು ಅಕ್ಷರದ ಗುರುತು ಸಿಕ್ಕಿದರೆ ಸಾಕು. ಬನ್ನಿ, ಆ ಅಣ್ಣನ ಕೋಲನ್ನೇ ಓದೋಣ.

ಕೋಲಿನ ಬುಡದಲ್ಲಿ ಇರುವ ಸಾಲು

ಹಿಡಿಯ ಸ್ವಲ್ಪ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರೆದಿರ್ತದೆ. ಎಲ್ಲ ಒಳ್ಳೆಯ ಕೋಲಿನಲ್ಲೂ ಇರ್ತದೆ. ಅಣ್ಣನ ಕೋಲಿನಲ್ಲಿ ಮೊದಲು 8 ಎಂಬ ಅಂಕೆ, ಅದರ ತಲೆಯ ಬಳಿ ಒಂದು ಗೀರು. ಆಮೇಲೆ 6, ಅದರ ತಲೆಯ ಬಳಿ ಎರಡು ಗೀರು. ಒಂದು ಗೀರು ಎಂದರೆ ಅಡಿ, ಎರಡು ಗೀರು ಎಂದರೆ ಅಂಗುಲ. ಎಂಟು ಅಡಿ ಆರು ಅಂಗುಲ, ಅಂದರೆ ಎಂಟೂವರೆ ಅಡಿ. ಒಂದು ಅಡಿಗೆ ಸುಮಾರು 30.5 ಸೆಂಟಿಮೀಟರ್. ಗುಣಿಸಿದರೆ 259 ಸೆಂಟಿಮೀಟರ್. ಎರಡೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು.

ಆಮೇಲೆ 10-20, ಪಕ್ಕದಲ್ಲಿ ಎಲ್ ಮತ್ತು ಬಿ ಎಂಬ ಎರಡು ಅಕ್ಷರ. ಇದು ಪೌಂಡ್ ಎಂಬ ತೂಕದ ಗುರುತು. ಪೌಂಡ್ ಎಂಬ ಪದದಲ್ಲಿ ಎಲ್ ಎಲ್ಲಿದೆ, ಬಿ ಎಲ್ಲಿದೆ ಎಂದು ಕೇಳಬಹುದು. ಹಳೆಯ ಲ್ಯಾಟಿನ್ ಭಾಷೆಯಲ್ಲಿ ತಕ್ಕಡಿಗೆ ಲಿಬ್ರಾ ಎನ್ನುತ್ತಿದ್ದರು. ಆ ಪದದ ಅಕ್ಷರಗಳೇ ಉಳಿದುಕೊಂಡಿವೆ. ನಮ್ಮ ತುಲಾ ರಾಶಿಗೆ ಇಂಗ್ಲಿಷಿನಲ್ಲಿ ಲಿಬ್ರಾ ಎನ್ನುವುದೂ ಅದೇ ಕಾರಣಕ್ಕೆ. ಒಂದು ಪೌಂಡ್ ಎಂದರೆ 454 ಗ್ರಾಂ, ಸುಮಾರು ಅರ್ಧ ಕಿಲೋಗೆ ಸ್ವಲ್ಪ ಕಡಿಮೆ. ಹತ್ತು ಪೌಂಡ್ ಎಂದರೆ ನಾಲ್ಕೂವರೆ ಕಿಲೋ. ಇಪ್ಪತ್ತು ಪೌಂಡ್ ಎಂದರೆ ಒಂಬತ್ತು ಕಿಲೋ.

ಇಲ್ಲಿ ಹೆಚ್ಚಿನವರು ತಪ್ಪು ತಿಳಿಯುತ್ತಾರೆ. ಇದು ಹಿಡಿಯುವ ಮೀನಿನ ತೂಕ ಅಲ್ಲ. ಈ ಕೋಲಿಗೆ ಎಷ್ಟು ಗಟ್ಟಿಯ ತಂಗೂಸಿ ಹಾಕಬಹುದು ಎಂಬ ಲೆಕ್ಕ. ಒಂಬತ್ತು ಕಿಲೋ ಎಳೆದರೆ ತುಂಡಾಗುವ ತಂಗೂಸಿಯವರೆಗೆ ಹಾಕಬಹುದು. ಅದಕ್ಕಿಂತ ಗಟ್ಟಿಯದು ಹಾಕಿ ಜಗ್ಗಿದರೆ ತಂಗೂಸಿ ಉಳಿದೀತು, ಕೋಲು ಮುರಿದೀತು. ಮೀನು ನೀರಿನಲ್ಲಿ ಇರುವಾಗ ಅದರ ಪೂರ್ತಿ ತೂಕ ನಿಮ್ಮ ಕೈಗೆ ಬರುವುದಿಲ್ಲ. ಹಾಗಾಗಿ ಒಂಬತ್ತು ಕಿಲೋದ ತಂಗೂಸಿಯಲ್ಲಿ ಹತ್ತು ಕಿಲೋದ ಮೀನನ್ನೂ ದಣಿಸಿ ತರಬಹುದು. ಎತ್ತಲು ಮಾತ್ರ ಆಗದು, ಗೋರುಬಲೆ ಬೇಕು.

ಆಮೇಲೆ ಎಂ ಎಂಬ ಒಂದೇ ಅಕ್ಷರ. ಕೋಲಿನ ಗಡಸುತನದ ಗುರುತು ಅದು. ಎಲ್ ಎಂದರೆ ಲೈಟ್, ಮೆದು. ಎಂ ಎಂದರೆ ಮೀಡಿಯಂ, ನಡುವಿನದು. ಎಚ್ ಎಂದರೆ ಹೆವಿ, ಗಡಸು. ಎಂ ಮತ್ತು ಎಚ್ ಒಟ್ಟಿಗೆ ಇದ್ದರೆ ನಡುವಿನದಕ್ಕಿಂತ ಸ್ವಲ್ಪ ಗಡಸು.

ಇನ್ನೊಂದು ಅಂಕೆ ಇರಬೇಕಿತ್ತು. ಎಸೆಯುವ ತೂಕ. ಹೆಚ್ಚಾಗಿ ಗ್ರಾಂನಲ್ಲಿ ಬರೆದಿರ್ತದೆ, 10-30 ಅಥವಾ 20-60 ಎಂದು. ಕೆಲವದರಲ್ಲಿ ಔನ್ಸ್ ಎಂದು ಇರ್ತದೆ, ಒಂದು ಔನ್ಸಿಗೆ 28 ಗ್ರಾಂ. ಸೀಸದ ಗುಂಡು, ಎರೆ ಎಲ್ಲ ಸೇರಿ ಎಷ್ಟು ತೂಕವನ್ನು ಆ ಕೋಲು ಚೆನ್ನಾಗಿ ಎಸೆಯುತ್ತದೆ ಎಂಬ ಲೆಕ್ಕ. ಅಣ್ಣನ ಕೋಲಿನಲ್ಲಿ ಅದು ಬರೆದೇ ಇರಲಿಲ್ಲ. ಯಾಕೆಂದರೆ ಅದು ಎಸೆಯುವ ಕೋಲೇ ಅಲ್ಲ! ಸಾಲಿನ ಕೊನೆಯಲ್ಲಿ ದೊಡ್ಡ ಅಕ್ಷರದಲ್ಲಿ ಒಂದು ಪದ ಇತ್ತು: ಡೌನ್‌ರಿಗ್ಗರ್.

ಡೌನ್‌ರಿಗ್ಗರ್ ಎಂದರೆ ಎಂತ?

ಉತ್ತರ ಅಮೆರಿಕದಲ್ಲಿ ಐದು ಮಹಾ ಸರೋವರಗಳಿವೆ. ಸರೋವರ ಎಂದರೂ ಆಚೆ ದಡ ಕಾಣದು. 1966ರಲ್ಲಿ ಮಿಷಿಗನ್ ರಾಜ್ಯದವರು ಕೊಹೊ ಎಂಬ ಜಾತಿಯ ಸಾಲ್ಮನ್ ಮೀನಿನ ಮರಿಗಳನ್ನು ಅಲ್ಲಿಗೆ ಬಿಟ್ಟರು. ಅದು ಮೂಲತಃ ಪೆಸಿಫಿಕ್ ಸಮುದ್ರದ ಕಡೆಯ ಮೀನು. ಚೆನ್ನಾಗಿ ಬೆಳೆಯಿತು. ಆದರೆ ಸಾಲ್ಮನ್ ಮೀನಿಗೆ ತಂಪು ನೀರು ಬೇಕು, 10ರಿಂದ 13 ಡಿಗ್ರಿಯಷ್ಟು. ಬೇಸಿಗೆಯಲ್ಲಿ ಸರೋವರದ ಮೇಲಿನ ನೀರು ಬೆಚ್ಚಗಾಗ್ತದೆ, ಮೀನು ಆಳಕ್ಕೆ ಇಳಿದುಬಿಡ್ತದೆ. ಅಲ್ಲಿಗೆ ಗಾಳ ಇಳಿಸುವುದು ಹೇಗೆ? ಬೋಟು ಮುಂದೆ ಹೋಗುತ್ತಿದ್ದರೆ ಗಾಳ ಮೇಲೆ ತೇಲಿ ಬರ್ತದೆ. ಭಾರದ ಗುಂಡು ಕಟ್ಟಿದರೆ ಗಾಳ ಇಳೀತದೆ, ಆದರೆ ಮೀನು ಬಿದ್ದಾಗ ಮೀನನ್ನೂ ಗುಂಡನ್ನೂ ಒಟ್ಟಿಗೆ ಎಳೆಯಬೇಕು.

ಅದಕ್ಕೆ ಕಂಡ ಉಪಾಯವೇ ಡೌನ್‌ರಿಗ್ಗರ್. ಬೋಟಿನ ಅಂಚಿಗೆ ಒಂದು ಸಣ್ಣ ರಾಟೆ. ಅದರಲ್ಲಿ ಉಕ್ಕಿನ ಸಪೂರ ತಂತಿ. ತಂತಿಯ ತುದಿಗೆ ನಾಲ್ಕೂವರೆ ಕಿಲೋದಷ್ಟು ಭಾರದ ಗುಂಡು. ಗುಂಡಿನ ಹತ್ತಿರ ಬಟ್ಟೆಯ ಕ್ಲಿಪ್ಪಿನಂಥ ಒಂದು ಚಿಮಟ. ಗಾಳದ ತಂಗೂಸಿಯನ್ನು ಆ ಚಿಮಟಕ್ಕೆ ಸಿಕ್ಕಿಸಿ ಗುಂಡನ್ನು ಬೇಕಾದಷ್ಟು ಆಳಕ್ಕೆ ಇಳಿಸುತ್ತಾರೆ. ಮೀನು ಕಚ್ಚಿ ಎಳೆದ ಕೂಡಲೇ ಚಿಮಟ ಬಿಟ್ಟುಕೊಳ್ಳುತ್ತದೆ. ಗುಂಡು ಅದರ ತಂತಿಯಲ್ಲೇ ಉಳಿಯುತ್ತದೆ. ಮೀನು ಮಾತ್ರ ನಿಮ್ಮ ಕೋಲಿನಲ್ಲಿ! ಮಳೆಗಾಲದ ಮೊದಲು ಆಳಕ್ಕೆ ಗಾಳ ಬಿಟ್ಟು ಕೈ ಸೋತವರಿಗೆ ಈ ಉಪಾಯದ ಬೆಲೆ ಗೊತ್ತಾದೀತು.

ಈ ಕೆಲಸಕ್ಕೆ ಕೋಲು ಉದ್ದ ಇರಬೇಕು, ಮೆದು ಇರಬೇಕು. ಬೋಟಿನ ಅಂಚಿನಲ್ಲಿ ಅದನ್ನು ಬಿಲ್ಲಿನ ಹಾಗೆ ಬಗ್ಗಿಸಿ ಗಂಟೆಗಟ್ಟಲೆ ಇಡುತ್ತಾರೆ. ಚಿಮಟ ಬಿಟ್ಟ ಕೂಡಲೇ ಕೋಲು ತಾನಾಗಿ ನೆಟ್ಟಗಾಗಿ ತಂಗೂಸಿಯ ಸಡಿಲು ತೆಗೆಯಬೇಕು. ಬುಡದವರೆಗೂ ಬಗ್ಗುವ ಅಂಥ ಕೋಲನ್ನು ಹೆಚ್ಚಾಗಿ ಫೈಬರ್ ಗ್ಲಾಸಿನಿಂದ ಮಾಡುತ್ತಾರೆ. ರೀಲು ದುಂಡಗಿನದು, ತಲೆಯ ಮೇಲೆ ಅಂಕೆ ತಿರುಗುವ ಸಣ್ಣ ಕಿಟಕಿ. ಎಷ್ಟು ಅಡಿ ದಾರ ಹೊರಗೆ ಹೋಯಿತು ಎಂದು ಆ ಅಂಕೆ ಹೇಳ್ತದೆ. "ಅದು ಮೀನಿನ ತೂಕ ತೋರಿಸುವ ಮೀಟರ್ ಆಗಿರಬೇಕು" ಎಂದು ಬಾವ ಹೇಳಿದ್ದರಂತೆ. ನಾವಿಬ್ಬರೂ ನಕ್ಕೆವು. ಅಣ್ಣ ಸ್ವಲ್ಪ ಕಡಿಮೆ ನಕ್ಕರು, ಹಣ ಅವರದಲ್ಲವೇ.

ನಮ್ಮ ಅಳಿವೆಗೆ ಯಾವುದು?

ದಡದಲ್ಲಿ ನಿಂತು ಎಸೆಯುವವರಿಗೆ ಬೇರೆ ಲೆಕ್ಕ. ನನ್ನ ಅಪ್ಪ ಹೊಳೆಬದಿಯವರು. ಅವರ ಜೊತೆ ಎರೆ ಹಿಡಿದುಕೊಂಡು ಕೂತು ಬೆಳೆದವಳು ನಾನು. ಈಗ ತಮ್ಮ ಗಾಳ ಹಾಕುತ್ತಾನೆ. ಅವನ ಕೋಲು ಆರಿಸಲು ಹೋಗಿ ನಾನೂ ಒಮ್ಮೆ ಹಣ ಕಳೆದಿದ್ದೇನೆ. ಅದನ್ನು ಆಮೇಲೆ ಹೇಳುತ್ತೇನೆ.

ಹೊಳೆಯ ಒಳಗೆ ಕರಿಮೀನು, ಕಾಣೆ, ಸಣ್ಣ ಕೆಂಬೇರಿ ಹಿಡಿಯುವುದಾದರೆ ಏಳು ಅಡಿಯ ಕೋಲು ಸಾಕು. ಅಳಿವೆಯ ಬಾಯಲ್ಲಿ, ಕಡಲ ಅಲೆಯ ಆಚೆ ಎಸೆಯಬೇಕಾದರೆ ಒಂಬತ್ತರಿಂದ ಹತ್ತು ಅಡಿ ಬೇಕು. ಎರಡಕ್ಕೂ ಒಂದೇ ಕೋಲು ಕೊಳ್ಳುವುದಾದರೆ ಎಂಟು ಅಡಿಯದು ಕೊಳ್ಳಿ. ಗಡಸುತನ ಎಂ ಇರಲಿ, ಅಥವಾ ಎಂ ಮತ್ತು ಎಚ್ ಇರಲಿ. ಎಸೆಯುವ ತೂಕ 60 ಗ್ರಾಂವರೆಗೆ ಇರಲಿ. ನೀರಿನ ಸೆಳೆತದಲ್ಲಿ ಅದಕ್ಕಿಂತ ಹಗುರದ ಗುಂಡು ನಿಲ್ಲದು.

ಕೋಲಿನ ವಸ್ತು ಎರಡು ತರದ್ದು. ಫೈಬರ್ ಗ್ಲಾಸ್ ಮತ್ತು ಕಾರ್ಬನ್. ಕಾರ್ಬನ್ನಿಗೆ ಗ್ರ್ಯಾಫೈಟ್ ಎಂದೂ ಬರೆಯುತ್ತಾರೆ. ಕಾರ್ಬನ್ ಕೋಲು ಹಗುರ, ಮೀನು ಮುಟ್ಟಿದ್ದು ಕೈಗೆ ಬೇಗ ಗೊತ್ತಾಗ್ತದೆ. ಆದರೆ ಕಲ್ಲಿಗೆ ಬಡಿದು ಸಣ್ಣ ಗಾಯ ಆದರೂ ಸಾಕು, ಮುಂದೊಂದು ದಿನ ಅಲ್ಲಿಯೇ ಟಪ್ ಎಂದು ಮುರೀತದೆ. ಫೈಬರ್ ಗ್ಲಾಸ್ ಭಾರ, ಆದರೆ ಪೆಟ್ಟು ತಡೀತದೆ, ಬೆಲೆಯೂ ಕಡಿಮೆ. ಎರಡನ್ನೂ ಬೆರೆಸಿ ಮಾಡಿದ್ದೂ ಸಿಗ್ತದೆ. ದಿನಾ ಹೋಗುವವರಿಗೆ, ಬೈಕಿನಲ್ಲಿ ಕಟ್ಟಿಕೊಂಡು ಹೋಗುವವರಿಗೆ, ಮಕ್ಕಳ ಕೈಗೆ ಕೊಡುವವರಿಗೆ ನಾನು ಫೈಬರ್ ಗ್ಲಾಸನ್ನೇ ಹೇಳುತ್ತೇನೆ. ಹಗುರದ ಕೋಲಿನ ಸುಖಕ್ಕೆ ಎರಡರಷ್ಟು ಹಣ ಕೊಡುವುದು ನಮಗೆ ಹೊಂದುವುದಿಲ್ಲ.

ಇಲ್ಲಿ ಒಂದು ಜೀವದ ವಿಷಯ ಇದೆ, ದಯವಿಟ್ಟು ಮರೆಯಬೇಡಿ. ಕಾರ್ಬನ್ನಿನಲ್ಲಿ ಕರೆಂಟು ಹರಿಯುತ್ತದೆ. ಹೊಳೆ ದಾಟುವ ವಿದ್ಯುತ್ ತಂತಿಯ ಕೆಳಗೆ ಅಂಥ ಕೋಲು ಎತ್ತಿ ಎಸೆಯಬಾರದು. ತಂತಿಗೆ ತಾಗಿದರೆ ಪ್ರಾಣವೇ ಹೋಗ್ತದೆ. ಒದ್ದೆಯಾದ ಫೈಬರ್ ಗ್ಲಾಸ್ ಕೋಲನ್ನೂ ನಂಬಬೇಡಿ. ಗುಡುಗು ಕೇಳಿದ ಕೂಡಲೇ ಕೋಲು ಕೆಳಗಿಟ್ಟು ಮನೆಯೊಳಗೆ ಹೋಗಿ. ತುಲಾ ತಿಂಗಳ ಸಂಜೆ ಮಳೆಯಲ್ಲಿ ನಮ್ಮೂರಲ್ಲಿ ಎಷ್ಟು ಸಿಡಿಲು ಬೀಳ್ತದೆ ಎಂದು ನಿಮಗೇ ಗೊತ್ತು.

ಕೋಲು ಎಷ್ಟು ತುಂಡಿನದು ಎಂಬುದನ್ನೂ ನೋಡಿ. ಎಂಟು ಅಡಿಯ ಒಂದೇ ತುಂಡನ್ನು ಬಸ್ಸಿನಲ್ಲಿ ಒಯ್ಯಲು ಕಂಡಕ್ಟರ್ ಬಿಡುವುದಿಲ್ಲ. ಒಂದರೊಳಗೆ ಒಂದು ಹೋಗುವ ದುರ್ಬೀನಿನಂಥ ಕೋಲು ಚೀಲದಲ್ಲಿ ಹಿಡಿಸ್ತದೆ, ಅಗ್ಗಕ್ಕೂ ಸಿಗ್ತದೆ. ಆದರೆ ಅದರ ಸಂದುಗಳಲ್ಲಿ ಹೊಯಿಗೆ ಕೂತು, ಉಪ್ಪು ಹಿಡಿದು ಒಂದು ವರ್ಷದಲ್ಲಿ ಹಾಳಾಗುವುದು ಜಾಸ್ತಿ. ನಡುವೆ ಒಂದೇ ಜೋಡಣೆ ಇರುವ ಎರಡು ತುಂಡಿನ ಕೋಲು ಒಳ್ಳೆಯದು. ಆ ಜೋಡಣೆಗೆ ಆಗಾಗ ಮೇಣದಬತ್ತಿ ಉಜ್ಜಿದರೆ ಬಿಗಿಯಾಗಿಯೂ ಕೂರ್ತದೆ, ಸಿಕ್ಕಿಯೂ ಬೀಳುವುದಿಲ್ಲ.

ಬಳೆಗಳನ್ನು ಬೆರಳಿನಿಂದ ಅಲ್ಲ, ಹತ್ತಿಯಿಂದ ನೋಡಿ

ಕೋಲಿನ ಉದ್ದಕ್ಕೂ ತಂಗೂಸಿ ಹೋಗುವ ಬಳೆಗಳಿರ್ತವೆ. ಹೆಚ್ಚಿನವರು ಇದನ್ನು ನೋಡುವುದೇ ಇಲ್ಲ. ಅಗ್ಗದ ಕೋಲು ಮೊದಲು ಕೆಡುವುದೇ ಇಲ್ಲಿ. ಒಳ್ಳೆಯ ಬಳೆಯ ಒಳಗೆ ಪಿಂಗಾಣಿಯಂಥ ಗಟ್ಟಿ ಉಂಗುರ ಇರ್ತದೆ. ಅದು ಬಿರುಕು ಬಿಟ್ಟಿದ್ದರೆ ಗಾಜಿನ ಚೂರಿನ ಹಾಗೆ ತಂಗೂಸಿಯನ್ನು ಕೊಯ್ಯುತ್ತದೆ. ದೊಡ್ಡ ಮೀನು ಬಿದ್ದಾಗ ತಂಗೂಸಿ ತುಂಡಾದರೆ ನಾವು ತಂಗೂಸಿಗೆ ಬೈಯುತ್ತೇವೆ. ತಪ್ಪು ಬಳೆಯದು.

ಅಂಗಡಿಗೆ ಹೋಗುವಾಗ ಕಿಸೆಯಲ್ಲಿ ಸ್ವಲ್ಪ ಹತ್ತಿ ಇಟ್ಟುಕೊಳ್ಳಿ. ಪ್ರತಿ ಬಳೆಯ ಒಳಗೆ ಅದನ್ನು ಒಂದು ಸುತ್ತು ತಿರುಗಿಸಿ. ಎಲ್ಲಿಯಾದರೂ ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕು ಇದೆ. ಇನ್ನೊಂದು ಕೋಲು ಕೇಳಿ. ಬುಡದಿಂದ ತುದಿಗೆ ಒಂದು ಕಣ್ಣು ಮುಚ್ಚಿ ನೋಡಿ, ಬಳೆಗಳೆಲ್ಲ ಒಂದೇ ಗೆರೆಯಲ್ಲಿ ಇರಬೇಕು. ರೀಲು ಕೂರಿಸುವ ಜಾಗದಲ್ಲಿ ಬಿಗಿಯುವ ತಿರುಪು ಅಲುಗಾಡಬಾರದು. ಅಂಗಡಿಯವರು "ಬೇಗ ಆಗಲಿ" ಎಂದರೆ ಎನ್ನಲಿ. ಹಣ ಕೊಡುವವರು ನೀವು.

ರೀಲು

ದುಂಡಗಿನ ರೀಲಿನಲ್ಲಿ ಎಸೆಯುವಾಗ ಸುರುಳಿಯೇ ತಿರುಗುತ್ತದೆ. ಗುಂಡು ನೀರಿಗೆ ಬಿದ್ದು ನಿಂತರೂ ಸುರುಳಿ ತಿರುಗುತ್ತಲೇ ಇರ್ತದೆ. ಹೆಬ್ಬೆರಳಿನಿಂದ ಸರಿಯಾದ ಹೊತ್ತಿಗೆ ಒತ್ತದಿದ್ದರೆ ಹಕ್ಕಿಗೂಡು ಖಂಡಿತ. ಅಣ್ಣನಿಗೆ ಆದದ್ದು ಇದೇ. ಹೊಸಬರಿಗೆ ಸ್ಪಿನ್ನಿಂಗ್ ರೀಲ್ ಸುಲಭ. ಅದು ಕೋಲಿನ ಕೆಳಗೆ ತೂಗಾಡುತ್ತದೆ. ಎಸೆಯುವಾಗ ಸುರುಳಿ ತಿರುಗುವುದಿಲ್ಲ, ತಂಗೂಸಿ ಮಾತ್ರ ಅದರ ಅಂಚಿನಿಂದ ಕಳಚಿಕೊಂಡು ಹೋಗ್ತದೆ.

ಸ್ಪಿನ್ನಿಂಗ್ ರೀಲಿನ ಮೇಲೆ 2000, 4000, 6000 ಎಂಬ ಅಂಕೆ ಇರ್ತದೆ. ಇದು ಬೆಲೆ ಅಲ್ಲ. ರೀಲಿನ ಗಾತ್ರದ ಗುರುತು. ಒಂದು ಕಂಪನಿಯ 4000ಕ್ಕೂ ಇನ್ನೊಂದರ 4000ಕ್ಕೂ ಸ್ವಲ್ಪ ವ್ಯತ್ಯಾಸ ಇರ್ತದೆ. ಹೊಳೆಗೆ 3000 ಅಥವಾ 4000, ಅಳಿವೆಯ ಬಾಯಿಗೆ 5000 ಅಥವಾ 6000. ಸುರುಳಿಯ ಮೇಲೆ 0.35/200 ಎಂಬಂತೆ ಇನ್ನೊಂದು ಬರಹ ಇರ್ತದೆ. 0.35 ಮಿಲಿಮೀಟರ್ ದಪ್ಪದ ತಂಗೂಸಿ 200 ಮೀಟರ್ ಹಿಡಿಯುತ್ತದೆ ಎಂದರ್ಥ. 5.2:1 ಎಂದು ಬರೆದಿದ್ದರೆ ಹಿಡಿಯನ್ನು ಒಂದು ಸುತ್ತು ತಿರುಗಿಸಿದಾಗ ತಂಗೂಸಿ ಸುತ್ತುವ ಭಾಗ ಐದು ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗ್ತದೆ. ಈ ಅಂಕೆಯ ಬಗ್ಗೆ ನೀವು ತಲೆ ಬಿಸಿ ಮಾಡಿಕೊಳ್ಳಬೇಕಾಗಿಲ್ಲ.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ "12 ಬೇರಿಂಗ್" ಎಂದು ಹಾಕಿರ್ತಾರೆ. ಅದಕ್ಕೆ ಮರುಳಾಗಬೇಡಿ. ನಾನು ಮರುಳಾದದ್ದು ಅಲ್ಲಿಯೇ! ತಮ್ಮನಿಗೆಂದು ಹನ್ನೆರಡು ಬೇರಿಂಗಿನ ರೀಲನ್ನು ಎಂಟುನೂರಕ್ಕೆ ಸಿಕ್ಕಿತೆಂದು ಖುಷಿಯಲ್ಲಿ ತಂದೆ. ಬಿಲ್ಲು ಕೇಳಲಿಲ್ಲ. ಒಂದು ಮಳೆಗಾಲ ಕಳೆಯಿತು. ಕಮಾನಿನ ಸ್ಪ್ರಿಂಗ್ ತುಕ್ಕು ಹಿಡಿದು ತುಂಡಾಯಿತು, ಬೇರಿಂಗ್ ಒಳಗೆ ಮರಳು ತುಂಬಿದ ಹಾಗೆ ಕರಕರ ಶಬ್ದ. ತಿರುಗಿ ಹೋದರೆ ಅಂಗಡಿಯವರು "ಇಲ್ಲಿಂದ ತಗೊಂಡದ್ದಕ್ಕೆ ಏನು ಸಾಕ್ಷಿ?" ಎಂದರು. ದಿನಾ ಇನ್ನೊಬ್ಬರಿಗೆ ಬಿಲ್ಲು ಓದಲು ಕಲಿಸುವವಳು ನಾನು. ಬಾಯಿ ಮುಚ್ಚಿಕೊಂಡು ಬಂದೆ.

ಅಗ್ಗದ ಬೇರಿಂಗ್ ಹನ್ನೆರಡು ಇರುವುದಕ್ಕಿಂತ ಒಳ್ಳೆಯದು ನಾಲ್ಕು ಇದ್ದರೆ ಮೇಲು. ಕೈಯಲ್ಲಿ ಹಿಡಿದು ನೋಡುವ ಕ್ರಮ ಹೀಗೆ. ಹಿಡಿಯನ್ನು ನಿಧಾನ ತಿರುಗಿಸಿ, ಎಲ್ಲಿಯೂ ತಡೆಯಬಾರದು. ಹಿಡಿಯನ್ನು ಅಡ್ಡಕ್ಕೆ ಅಲುಗಿಸಿ, ಸಡಿಲು ಜಾಸ್ತಿ ಇರಬಾರದು. ತಂತಿಯ ಕಮಾನನ್ನು ಹತ್ತು ಸಲ ತೆರೆದು ಮುಚ್ಚಿ, ಪ್ರತಿ ಸಲವೂ ಟಕ್ ಎಂದು ಕೂರಬೇಕು. ಕಮಾನಿನ ಬದಿಯಲ್ಲಿ ತಂಗೂಸಿ ಹಾದುಹೋಗುವ ಪುಟ್ಟ ಉರುಳೆ ಇದೆ. ಅದನ್ನು ಉಗುರಿನಿಂದ ತಿರುಗಿಸಿ. ತಿರುಗದಿದ್ದರೆ ತಂಗೂಸಿ ಉಜ್ಜಿ ಉಜ್ಜಿ ಸವೆಯುತ್ತದೆ.

ಇನ್ನು ಡ್ರ್ಯಾಗ್. ರೀಲಿನಲ್ಲಿ ಹಣ ಖರ್ಚು ಮಾಡಬೇಕಾದ್ದು ಇದಕ್ಕೆ. ಮೀನು ಜೋರಾಗಿ ಎಳೆದಾಗ ತಂಗೂಸಿ ತುಂಡಾಗದ ಹಾಗೆ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುವ ವ್ಯವಸ್ಥೆ ಅದು. ಸುರುಳಿಯ ತಲೆಯ ಮೇಲಿನ ಗುಬುಟು ತಿರುಗಿಸಿದರೆ ಬಿಗಿಯಾಗ್ತದೆ, ಸಡಿಲವೂ ಆಗ್ತದೆ. ಕೈಯಿಂದ ತಂಗೂಸಿ ಎಳೆದು ನೋಡಿ. ಎಣ್ಣೆಯ ಹಾಗೆ ಒಂದೇ ಸಮನೆ ಬರಬೇಕು. ತಡೆದು ತಡೆದು ಜಗ್ಗಿಕೊಂಡು ಬಂದರೆ ಆ ರೀಲು ಬೇಡ. ಹಾಗೆ ಜಗ್ಗುವಾಗಲೇ ಮೀನು ತಪ್ಪುವುದು.

ಎಷ್ಟು ಬಿಗಿ ಇಡಬೇಕು? ತಂಗೂಸಿಯ ಬಲದ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಬೇಡ. ಒಂಬತ್ತು ಕಿಲೋದ ತಂಗೂಸಿಗೆ ಮೂರು ಕಿಲೋ. ಗಂಟು ಹಾಕಿದಲ್ಲಿ ತಂಗೂಸಿಯ ಬಲ ಕಡಿಮೆ ಆಗಿರ್ತದೆ, ಅದಕ್ಕೇ ಈ ಎಚ್ಚರ. ಹಳೆಪೇಪರ್ ತೂಗುವ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಇದೆಯಲ್ಲ, ಅದಕ್ಕೆ ತಂಗೂಸಿಯ ತುದಿ ಕಟ್ಟಿ ಎಳೆಯಿರಿ. ಮುಳ್ಳು ಮೂರಕ್ಕೆ ಬಂದಾಗ ರೀಲು ಬಿಟ್ಟುಕೊಡಲು ಶುರು ಮಾಡಬೇಕು. ಅದಕ್ಕಿಂತ ಬೇಗ ಬಿಟ್ಟರೆ ಸ್ವಲ್ಪ ಬಿಗಿ ಮಾಡಿ.

ಹಣ ಎಲ್ಲಿ ಉಳಿಸಬಹುದು?

ಕೋಲಿನಲ್ಲಿ ಉಳಿಸಿ, ರೀಲಿನಲ್ಲಿ ಉಳಿಸಬೇಡಿ. ನಿಮ್ಮ ಹತ್ತಿರ ಎರಡೂವರೆ ಸಾವಿರ ಇದ್ದರೆ ಸಾವಿರವನ್ನು ಕೋಲಿಗೆ, ಒಂದೂವರೆ ಸಾವಿರವನ್ನು ರೀಲಿಗೆ ಎಂದು ಭಾಗ ಮಾಡಿ. ಗಟ್ಟಿಯಾದ ಸಾದಾ ಕೋಲು ಹತ್ತು ವರ್ಷ ಬಂದೀತು. ತಿರುಗುವ ವಸ್ತುವಿಗೆ ಉಪ್ಪುನೀರೇ ಶತ್ರು. ಪ್ಲಾಸ್ಟಿಕ್ಕಿನಂತೆ ಕಾಣುವ ಗ್ರ್ಯಾಫೈಟ್ ಮೈಯ ರೀಲು ತುಕ್ಕು ಹಿಡಿಯುವುದಿಲ್ಲ, ಕಡಿಮೆ ಬೆಲೆಗೆ ಅದು ಅಡ್ಡಿಯಿಲ್ಲ. ಆದರೆ ಒಳಗಿನ ಸ್ಪ್ರಿಂಗು, ತಿರುಪು ಲೋಹದ್ದೇ.

ರೀಲು ತಂದ ದಿನ ತಂಗೂಸಿ ತುಂಬುವಾಗ ಸುರುಳಿಯ ಅಂಚಿನಿಂದ ಎರಡು ಮಿಲಿಮೀಟರ್ ಖಾಲಿ ಬಿಡಿ. ಪೂರ್ತಿ ತುಂಬಿದರೆ ಸುತ್ತು ಸುತ್ತಾಗಿ ಜಾರ್ತದೆ. ಕಡಿಮೆ ತುಂಬಿದರೆ ದೂರ ಹೋಗದು. ನೈಲಾನ್ ತಂಗೂಸಿ ಬಿಸಿಲಿಗೆ ಬಲ ಕಳಕೊಳ್ತದೆ. ವರ್ಷಕ್ಕೊಮ್ಮೆ ಬದಲಾಯಿಸಿ. ಹಳೆಯದನ್ನು ಹೊಳೆಬದಿಯಲ್ಲಿ ಬಿಸಾಡಬೇಡಿ, ಕೊಕ್ಕರೆಯ ಕಾಲಿಗೆ ಸುತ್ತಿಕೊಂಡದ್ದನ್ನು ನಾನೇ ಬಿಡಿಸಿದ್ದೇನೆ.

ಪೆಟ್ಟಿಗೆಯ ಮೇಲೆ ಎಂ.ಆರ್.ಪಿ. ಎಂದು ಇರುವುದು ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಕಡಿಮೆಗೆ ಚೌಕಾಸಿ ಮಾಡಬಹುದು. ವಿದೇಶದಿಂದ ಬಂದ ಮಾಲಾದರೆ ತರಿಸಿದವರ ಹೆಸರು ಮತ್ತು ವಿಳಾಸ ಪೆಟ್ಟಿಗೆಯಲ್ಲಿ ಇರಬೇಕು. ಬಿಲ್ಲು ಕೇಳಿ ಪಡೆಯಿರಿ. ಅದರಲ್ಲಿ ತಾರೀಕು ಇದೆಯೇ, ನೀವು ಕೊಂಡ ವಸ್ತುವಿನ ಹೆಸರು ಇದೆಯೇ ಎಂದು ಅಲ್ಲಿಯೇ ನಿಂತು ಓದಿ. ಮೋಸ ಆದರೆ 1915ಕ್ಕೆ ಫೋನ್ ಮಾಡಬಹುದು. ಅದು ಗ್ರಾಹಕರ ರಾಷ್ಟ್ರೀಯ ಸಹಾಯವಾಣಿ.

ಮನೆಗೆ ಬಂದ ಮೇಲೆ

ಗಾಳ ಹಾಕಿ ಬಂದ ದಿನವೇ ತೊಳೆಯಬೇಕು. ನಾಳೆಗೆ ಇಡಬೇಡಿ. ಮೊದಲು ಡ್ರ್ಯಾಗಿನ ಗುಬುಟು ಬಿಗಿ ಮಾಡಿ, ಇಲ್ಲದಿದ್ದರೆ ನೀರು ಒಳಗೆ ಹೋಗ್ತದೆ. ಮಗ್ಗಿನಲ್ಲಿ ಸಿಹಿನೀರು ತೆಗೆದು ಮೆಲ್ಲಗೆ ಹೊಯ್ಯಿರಿ. ಪೈಪು ಹಿಡಿದು ಜೋರಾಗಿ ಬಿಡಬೇಡಿ, ಉಪ್ಪು ಹೊರಗೆ ಬರುವ ಬದಲು ಒಳಗೇ ನುಗ್ಗುತ್ತದೆ. ಬಟ್ಟೆಯಿಂದ ಒರಸಿ ನೆರಳಲ್ಲಿ ಒಣಗಿಸಿ. ಒಣಗಿದ ಮೇಲೆ ಡ್ರ್ಯಾಗ್ ಸಡಿಲ ಮಾಡಿ ಇಡಿ. ಕಮಾನಿನ ಉರುಳೆಗೆ ತಿಂಗಳಿಗೊಮ್ಮೆ ಒಂದೇ ಹನಿ ಹೊಲಿಗೆ ಯಂತ್ರದ ಎಣ್ಣೆ. ತೆಂಗಿನೆಣ್ಣೆ ಬೇಡ, ಅದು ಕಸ ಹಿಡಿದು ಅಂಟಾಗ್ತದೆ.

ಕೋಲು ಮೀನಿನಿಂದ ಮುರಿಯುವುದು ಕಡಿಮೆ. ಆಟೋ ಬಾಗಿಲಿಗೆ ಸಿಕ್ಕಿ ಮುರೀತದೆ, ಸೇತುವೆಯ ಮೇಲಿನಿಂದ ಮೀನನ್ನು ಕೋಲಿನಲ್ಲೇ ಎತ್ತಲು ಹೋಗಿ ಮುರೀತದೆ, ಕಲ್ಲಿಗೆ ಸಿಕ್ಕಿದ ಗಾಳವನ್ನು ಕೋಲಿನಿಂದ ಜಗ್ಗಿ ಮುರೀತದೆ. ಗಾಳ ಸಿಕ್ಕಿದರೆ ಕೋಲನ್ನು ನೆಟ್ಟಗೆ ಗಾಳದ ಕಡೆಗೆ ಹಿಡಿದು, ತಂಗೂಸಿಯನ್ನು ಬಟ್ಟೆ ಸುತ್ತಿದ ಕೈಯಿಂದ ಎಳೆಯಿರಿ.

ಆ ಅಣ್ಣನ ವಿಷಯ ಹೇಳಲು ಬಾಕಿ ಉಂಟು. ಅವರ ಅಕ್ಕನ ಮಗ ಫೈಬರ್ ದೋಣಿಯಲ್ಲಿ ಅಂಜಲ್ ಹಿಡಿಯಲು ಹೋಗುವವನು. ದೋಣಿಯ ಹಿಂದೆ ಗಾಳ ಬಿಟ್ಟು ಎಳೆಯುವ ಕೆಲಸಕ್ಕೆ ಆ ಮೆದು ಕೋಲು, ದುಂಡು ರೀಲು ಚೆನ್ನಾಗಿ ಹೊಂದಿತು. ಅವನು ಅದನ್ನು ಇಟ್ಟುಕೊಂಡು ಮಾವನಿಗೆ ನಾಲ್ಕು ಸಾವಿರ ಕೊಟ್ಟ. ಅಣ್ಣ ಹತ್ತಿ ಹಿಡಿದುಕೊಂಡು ಅಂಗಡಿಗೆ ಹೋದರು. ಮೂರನೆಯ ಕೋಲು ಪಾಸಾಯಿತಂತೆ. ಬಿಲ್ಲನ್ನು ತಂದು ನನಗೆ ತಾವೇ ಓದಿ ಹೇಳಿದರು, ತಾರೀಕಿನಿಂದ ಹಿಡಿದು ಕೊನೆಯ ರುಜುವಿನವರೆಗೆ. ಈಗ ವಾರಕ್ಕೆ ಮೂರು ದಿನ ತರಗತಿಗೆ ಬರುತ್ತಾರೆ. ಉಳಿದ ದಿನ ಉಬ್ಬರ ನೋಡಿಕೊಂಡು ಅಳಿವೆಗೆ ಹೋಗುತ್ತಾರೆ.

ಲೆಕ್ಕ ಮಾಡಿ ನೋಡಿ

ಒಂದು ಕೋಲಿನ ಮೇಲೆ ಹೀಗೆ ಬರೆದಿದೆ: 7 ಅಡಿ, 2 ತುಂಡು, 12-20 ಪೌಂಡ್, 15-40 ಗ್ರಾಂ.

1. ಇದರ ಒಂದು ತುಂಡು ಸುಮಾರು ಎಷ್ಟು ಸೆಂಟಿಮೀಟರ್ ಉದ್ದ ಇದ್ದೀತು?
2. ಇದಕ್ಕೆ ಹೆಚ್ಚೆಂದರೆ ಎಷ್ಟು ಕಿಲೋ ಬಲದ ತಂಗೂಸಿ ಹಾಕಬಹುದು?
3. 60 ಗ್ರಾಂ ಸೀಸದ ಗುಂಡನ್ನು ಇದರಿಂದ ಎಸೆಯಬಹುದೇ? ಯಾಕೆ?
4. ಆರು ಕಿಲೋ ಬಲದ ತಂಗೂಸಿ ಹಾಕಿದರೆ ತಕ್ಕಡಿಯ ಮುಳ್ಳು ಎಷ್ಟಕ್ಕೆ ಬಂದಾಗ ಡ್ರ್ಯಾಗ್ ಬಿಟ್ಟುಕೊಡಬೇಕು?

ಉತ್ತರ ಬರೆದು ಮುಂದಿನ ತರಗತಿಗೆ ಬರುವಾಗ ತನ್ನಿ. ಮನೆಯಲ್ಲಿ ಗಾಳದ ಕೋಲು ಇದ್ದವರು ಅದನ್ನೂ ತನ್ನಿ, ಮೇಲೆ ಬರೆದದ್ದನ್ನು ಒಟ್ಟಿಗೆ ಓದೋಣ. ಗಾಳವನ್ನು ಮಾತ್ರ ಬಿಚ್ಚಿಟ್ಟು ಬನ್ನಿ.